ರೋಗಾಣುಗಳ ವಿರುದ್ಧ ನನ್ನ ತಾಮ್ರದ ಕೊಡ

ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತ, ಬೇರೆಯವರು ಗೆದ್ದ ಯುದ್ಧಗಳನ್ನೇ ವರ್ಣಿಸಿದ ನನಗೆ, ಸ್ವಂತದ್ದೊಂದು ಯುದ್ಧ ಗೆಲ್ಲಬೇಕೆಂಬ ಆಸೆ ಹುಟ್ಟಿದ್ದು ಸಹಜ. ಶತ್ರು ಸಿಕ್ಕಿದ್ದು ಕುಡಿಯುವ ನೀರಿನಲ್ಲಿ. ಆಯುಧ ಸಿಕ್ಕಿದ್ದು ಅಟ್ಟದ ಮೇಲೆ. ಅಜ್ಜಿಯ ಕಾಲದ ತಾಮ್ರದ ಕೊಡ! ತಾಮ್ರಕ್ಕೆ ತಗುಲಿದ ರೋಗಾಣು ಬದುಕುವುದಿಲ್ಲ ಎಂದು ಮೊಬೈಲಿನಲ್ಲಿ ಓದಿದ್ದೆ. ಓದಿದ್ದು ಅರ್ಧ, ನಂಬಿದ್ದು ಪೂರ್ತಿ.

ಮೊದಲು ಅಡುಗೆಮನೆಯ ಗೋಡೆಯಿಂದ ನೀರಿನ ಫಿಲ್ಟರನ್ನು ಇಳಿಸಿದೆ. ಅದರದೇ ಡಬ್ಬಿಗೆ ಹಾಕಿ, ಸ್ಕೂಟರಿನ ಮೇಲಿಟ್ಟುಕೊಂಡು ಕಮರಿಪೇಟೆಗೆ ಹೋಗಿ, ಹೆಂಡತಿಯ ತಂಗಿ ಗಿರಿಜಾಳಿಗೆ ದಾನ ಮಾಡಿದೆ. ಬರೀ ಫಿಲ್ಟರ್ ಕೊಟ್ಟೆನೆಂದುಕೊಳ್ಳಬೇಡಿ, ಜೊತೆಗೆ ಒಂದು ಭಾಷಣವನ್ನೂ ಕೊಟ್ಟೆ.

"ತಗೋ ಗಿರಿಜಾ. ಇನ್ನ ಮ್ಯಾಲೆ ನಮ್ಮ ಮನ್ಯಾಗ ಈ ಪ್ಲಾಸ್ಟಿಕ್ಕಿಗೆ ಜಾಗಾ ಇಲ್ಲ!"

ನನ್ನ ಹೆಂಡತಿ ಶಾಂತಾ ವಿದ್ಯಾನಗರದ ಒಂದು ಲ್ಯಾಬಿನಲ್ಲಿ ರೋಗಾಣುಗಳನ್ನು ಬೆಳೆಸಿ ಗುರುತು ಹಿಡಿಯುವ ಕೆಲಸದವಳು. ಸಂಜೆ ಬಂದವಳೇ ಬೋಳು ಗೋಡೆ ನೋಡಿದಳು.

"ಏನ್ರಿ, ಫಿಲ್ಟರ್ ಎಲ್ಲೈತ್ರಿ?"

"ದಾನಾ ಮಾಡೀನಿ. ಇನ್ನ ತಾಮ್ರದ ನೀರು. ಹುಳ ಎಲ್ಲಾ ಸಾಯ್ತಾವ."

"ಎಲ್ಲಾ ಸಾಯಂಗಿಲ್ರಿ. ಭಾಳ ಸಾಯ್ತಾವ, ಖರೇ. ಆದ್ರ ಕೆಲವು ಶಾಣ್ಯಾ ಅದಾವ. ಅವಕ್ಕೂ ಬದುಕಾಕ ಚೂರು ತಾಮ್ರ ಬೇಕು. ಅಳತಿ ಮೀರಿತಂದ್ರ ಒಳಗ ಕಾವಲಿಗಿ ಇದ್ದದ್ದು ಗುರುತು ಹಿಡಿತೈತಿ. ಪಂಪ್ ಚಾಲೂ ಮಾಡಿ ಹೆಚ್ಚಿಂದು ಹೊರಗ ತಳ್ಳತೈತಿ. ಉಳಿದದ್ದನ್ನ ಹಿಡದು ಕಟ್ಟಿಹಾಕತೈತಿ. ನಮ್ಮ ರಕ್ತದಾಗಿನ ಬಿಳಿ ಕಣಾನೂ ರೋಗಾಣು ಮ್ಯಾಲೆ ತಾಮ್ರಾನ ಸುರೀತಾವ. ಅದನ್ನ ತಡ್ಕೊಂಡವ ನಮಗ ರೋಗ ತರ್ತಾವ."

"ಕಣ್ಣಿಗೆ ಕಾಣದ ಹುಳಕ್ಕ ಪಂಪ? ನಮ್ಮ ಮನಿಗೇ ಇನ್ನೂ ಪಂಪ್ ಹಾಕಿಸಿಲ್ಲ!"

ಆಕೆ ನಗಲಿಲ್ಲ. ನನಗೆ ರೋಷ ಬಂತು. "ನಿನ್ನ ಲ್ಯಾಬಿನ್ಯಾಗ ನನ್ನ ಕೊಡದ ನೀರು ನೋಡು. ಜೀವಂತ ಹುಳ ಒಂದು ಸಿಕ್ರೂ, ನಾನ ಹೋಗಿ ಗಿರಿಜಾನ ಕಡೆಯಿಂದ ಫಿಲ್ಟರ್ ವಾಪಸ್ ಕೇಳಿ ತರ್ತೇನಿ!" ಎಂದುಬಿಟ್ಟೆ. ಕೊಟ್ಟ ದಾನವನ್ನು ಹೆಂಡತಿಯ ತವರಿನವರ ಬಾಗಿಲಿಗೆ ಹೋಗಿ ವಾಪಸ್ ಕೇಳುವುದೆಂದರೇನು! ಆದರೆ ಮಾತು ಬಾಯಿಂದ ಹೊರಬಿದ್ದಾಗಿತ್ತು.

ಆದ್ದರಿಂದ ಯುದ್ಧವನ್ನು ಬಿಗಿಗೊಳಿಸಿದೆ. ನಮ್ಮ ಕಡೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಓಣಿಯ ಮನೆಮನೆಯಲ್ಲೂ ಹಳೆ ನೀರು ಚೆಲ್ಲಿ, ಕೊಡ ತಿಕ್ಕಿ, ಹೊಸ ನೀರು ತುಂಬುತ್ತಾರೆ. ನಾನು ಚೆಲ್ಲಲೂ ಬಿಡಲಿಲ್ಲ, ತಿಕ್ಕಲೂ ಬಿಡಲಿಲ್ಲ. ನೀರು ಹಳೆಯದಾದಷ್ಟೂ ತಾಮ್ರ ಇಳಿಯುತ್ತದೆ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅದರ ಶಕ್ತಿ ಮೋರಿಗೆ ಹೋಗುತ್ತದೆ ಎಂಬುದು ನನ್ನ ಸಿದ್ಧಾಂತ. ಕೊಡದ ಒಳಗೆ ಏನೋ ಜಾರುತ್ತಿತ್ತು. ಶಕ್ತಿಯೇ ಇರಬೇಕು ಅಂದುಕೊಂಡೆ.

ಎಂಟನೆಯ ದಿನ ಶಾಂತಾ ಒಂದು ಸಣ್ಣ ಶೀಷೆಯಲ್ಲಿ ಆ ನೀರು ಒಯ್ದಳು. ಒಂಬತ್ತನೆಯ ದಿನ ನನಗೆ ಇನ್ನೊಂದು ವಿಚಾರ ಹೊಳೆಯಿತು. ನೀರಿಗೇ ಇಷ್ಟು ಶಕ್ತಿ ಬರುವುದಾದರೆ ಮಜ್ಜಿಗೆಗೆ? ಬೆಳಿಗ್ಗೆ ತಾಮ್ರದ ತಂಬಿಗೆಯ ತುಂಬ ಹುಳಿ ಮಜ್ಜಿಗೆ ತುಂಬಿಟ್ಟು ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಅಂಚಿನಲ್ಲಿ ತುಸು ಹಸಿರು. ಔಷಧ ಅಂದಮೇಲೆ ಬಣ್ಣ ಇರದೇ ಇರುತ್ತದೆಯೇ? ಗಟಗಟ ಕುಡಿದೆ.

ಸ್ವಲ್ಪ ಹೊತ್ತಿಗೆ ಕಂಪೌಂಡಿನ ಗೋಡೆ ಹಿಡಿದು ಗಟಾರಕ್ಕೆ ಬಗ್ಗಿ ನಿಂತಿದ್ದೆ. ಪಕ್ಕದ ಮನೆಯ ಪಾಟೀಲ ಕಾಕಾ ಗೋಡೆಯ ಆಚೆಯಿಂದ ಇಣುಕಿದರು.

"ಏನ್ರಿ ಮಾಸ್ತರ, ಏನ ಹುಡುಕಾಕತ್ತೀರಿ? ಸ್ಕೂಟರ್ ಕೀಲಿ ಬಿದ್ದೈತೇನು?"

ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ.

ಶಾಂತಾ ಬೆನ್ನು ನೀವುತ್ತ ಹೇಳಿದಳು. "ಹುಳಿ ತಾಗಿದ್ರ ತಾಮ್ರ ಬಿಡತೈತ್ರಿ. ಅದಕ್ಕ ಮಜ್ಜಿಗಿ ಇಡೋ ಪಾತ್ರಿಗೆ ಒಳಗ ತವರದ ಕಲಾಯಿ ಮಾಡಿಸ್ತಾರ. ಈಗ ನಿಮ್ಮ ಮೈ ಹೆಚ್ಚಾದ ತಾಮ್ರಾನ ಹೊರಗ ಹಾಕಾಕತ್ತೈತಿ. ಬ್ಯಾಕ್ಟೀರಿಯಾ ಇದ ಕೆಲಸಾನ ಸದ್ದಿಲ್ಲದ ಮಾಡ್ತಾವ."

ಆಕೆ ಗಾಬರಿಯಾಗಿದ್ದಳು. ಅದನ್ನು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು. ಡಾಕ್ಟರರ ಹತ್ತಿರ ಕರೆದೊಯ್ದಳು, ಮರುದಿನ ಬೆಳಗಿನ ಹೊತ್ತಿಗೆ ಸರಿಹೋದೆ.

ಅಂದೇ ಸಂಜೆ ಆಕೆ ಲ್ಯಾಬಿನಲ್ಲಿ ರೋಗಾಣು ಬೆಳೆಸುವ ತಟ್ಟೆಯ ಫೋಟೋ ತೋರಿಸಿದಳು. ತುಂಬ ಚುಕ್ಕಿ, ಅಂಗಳದ ರಂಗೋಲಿಯ ಹಾಗೆ!

"ಇಷ್ಟೂ ಹುಳ ನನ್ನ ಕೊಡದಾಗಿನವೇನು?"

"ಹೌದ್ರಿ. ತಾಮ್ರ ಬೆರೆಸಿದ ತಟ್ಟಿ ಮ್ಯಾಲೂ ಬೆಳದಾವ. ತಿಕ್ಕದ ಕೊಡದಾಗ ಲೋಳಿ ಕಟ್ಟಿ, ಅದರಾಗ ಅಡಗಿ ಕೂತಿದ್ವು. ಬಡಪಾಯಿ ಎಲ್ಲಾ ಸತ್ತು, ಗಟ್ಟಿ ಇದ್ದವ ಉಳದಾವ."

ಅಂದರೆ ಎಂಟು ದಿನ ನಾನು ನಡೆಸಿದ್ದು ಯುದ್ಧವಲ್ಲ, ಗರಡಿಮನೆ! ತಾಲೀಮು ಕೊಟ್ಟು ಪೈಲ್ವಾನರನ್ನು ತಯಾರು ಮಾಡಿದ್ದೆ.

ಕಮರಿಪೇಟೆಯ ದಾರಿ ಅಂದು ಬಹಳ ಬೇಗ ಮುಗಿಯಿತು. ಹೇಗೆ ಕೇಳುವುದು? ರಿಪೇರಿಗೆ ಅನ್ನಲೇ? ಗಿರಿಜಾ ಬಾಗಿಲು ತೆಗೆದಳು. ಬಾಗಿಲ ಪಕ್ಕದಲ್ಲೇ ಡಬ್ಬಿ ಇತ್ತು, ಹಗ್ಗ ಕಟ್ಟಿ.

"ಬರ್ರಿ ಮಾವಾರ. ಬಿಗಿಯಾಗಿ ಕಟ್ಟೀನಿ, ಸ್ಕೂಟರ್ ಮ್ಯಾಲೆ ಜಾರಂಗಿಲ್ಲ."

"ನಾ ಬರೋದು ನಿನಗ ಹ್ಯಾಂಗ ಗೊತ್ತು?"

"ನೀವು ಕೊಟ್ಟ ದಿನಾನ ಅಕ್ಕ ಫೋನ್ ಮಾಡಿದ್ಲು. ಡಬ್ಬಿ ಬಿಚ್ಚಬ್ಯಾಡ, ನಾಕು ದಿನದಾಗ ಬರ್ತಾರ ಅಂದ್ಲು."

ನಾಲ್ಕೇ ದಿನ! ನಾನು ಹತ್ತು ದಿನ ತಡೆದಿದ್ದೆ! ಮನೆಗೆ ಬಂದು, ಡಬ್ಬಿ ಕೆಳಗಿಟ್ಟು, ಎದೆಯುಬ್ಬಿಸಿ ಹೇಳಿದೆ. "ನಿನ್ನ ಅಂದಾಜೂ ತಪ್ಪತೈತಿ ನೋಡು. ಆರು ದಿನ ತಪ್ಪೈತಿ!"

ಶಾಂತಾ ಸ್ಟೂಲು ತಂದಿಟ್ಟು, ಸುತ್ತಿಗೆ ನನ್ನ ಕೈಗೆ ಕೊಟ್ಟಳು.

"ತಪ್ಪೈತ್ರಿ. ನಿಮ್ಮ ಬುದ್ಧಿ ಮ್ಯಾಲೆ ಜರಾ ಹೆಚ್ಚ ಭರೋಸಾ ಇಟ್ಟಿದ್ನಿ."

ನಾನು ಸ್ಟೂಲು ಹತ್ತಿ ಹಳೆಯ ಜಾಗದಲ್ಲೇ ಮೊಳೆ ಹೊಡೆಯತೊಡಗಿದೆ.