ಪಟೇಲ ನಲ್ಲಪ್ಪನಿಗೆ ವಿಷ ಹಾಕಿದವರ್ಯಾರು?

ಪಾಪ, ಚನಬಸಪ್ಪ ಕೊಲೆ ಮಾಡಿದ್ದು ಒಂದೇ ಒಂದು, ಅದೂ ಕಾಗದದ ಮೇಲೆ. ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತ, ಬಿಡುವಾದಾಗ ವಾರಪತ್ರಿಕೆಗೆ ನೂರು ವರ್ಷದ ಹಿಂದಿನ, ಇಂಗ್ಲೆಂಡಿನ ಎಡ್ವರ್ಡ್ ದೊರೆಯ ಕಾಲದ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದ. ಈ ವಾರದ ಕಂತಿನಲ್ಲಿ ಪಟೇಲ ನಲ್ಲಪ್ಪ ಬಿಳಿ ದೊರೆಯ ಬಂಗಲೆಯ ಟೀ ಪಾರ್ಟಿಯಲ್ಲಿ ವಿಷದ ಬಿಸ್ಕತ್ತು ತಿಂದು ಸತ್ತಿದ್ದ.

ಬೆಳಿಗ್ಗೆ ಮನೆ ಓನರ್ ಶ್ಯಾಮಣ್ಣ ಪತ್ರಿಕೆ ಹಿಡಿದು ಕಣ್ಣೊರೆಸಿಕೊಳ್ಳುತ್ತ ಬಂದ.

"ನಮ್ಮ ಮುತ್ತಾತನ ಹೆಸ್ರೂ ನಲ್ಲಪ್ಪನೇ ಕಣ್ರೀ. ಎಂಗೆ ಸತ್ರು ಅಂತ ಯಾರಿಗೂ ಗೊತ್ತಿರ್ಲಿಲ್ಲ. ನೀವು ಪತ್ತೆ ಮಾಡ್ಬಿಟ್ರಿ!"

"ಅಯ್ಯ, ಅದು ಕತಿ ರೀ ಸರ, ನಾನಽ ಕಟ್ಟಿದ್ದು."

"ಅಂಗಾದ್ರೆ ನಮ್ಮ ಮುತ್ತಾತ ಸುಳ್ಳಾ?"

ಮದುವೆಯಾದ ಮೇಲೆ ಹೆಂಡತಿ ಶಿವಗಂಗಾ ಮೊದಲ ಸಲ ಕೊಪ್ಪಳದಿಂದ ನಾಳೆ ಬರುವವಳು. ಈ ರೂಮಿಗಾಗಿ ಅವನು ಬೀದಿ ಬೀದಿ ಅಲೆದಿದ್ದ. ಓನರನ್ನು ಎದುರು ಹಾಕಿಕೊಳ್ಳುವುದುಂಟೇ? "ಇದ್ದರೂ ಇರಬಹುದು ಬಿಡ್ರಿ" ಎಂದುಬಿಟ್ಟ. ಅಲ್ಲಿಗೆ ಕೆಟ್ಟ!

ಮಧ್ಯಾಹ್ನಕ್ಕೆ ಬೀದಿ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತ್ತು. ಮುತ್ತಾತನ ಫೋಟೋ ಇಲ್ಲವೆಂದು ಶ್ಯಾಮಣ್ಣನೇ ಪೇಟ ಸುತ್ತಿಕೊಂಡು ಸತ್ತವನಾಗಿದ್ದ. ಕೆಳಗೆ ಶ್ರದ್ಧಾಂಜಲಿ ಕೋರುವ ನೆಂಟರಿಷ್ಟರು ಕಿವಿಗೆ ಮೊಬೈಲ್ ಹಿಡಿದು ನಗುತ್ತಿದ್ದರು.

ಎದುರು ಮನೆ ಲಕ್ಷ್ಮಣಪ್ಪ ಚನಬಸಪ್ಪನ ಹತ್ತಿರ ಓಡಿಬಂದ. "ಆ ಪಾರ್ಟಿಗೆ ನಮ್ಮ ಮುತ್ತಾತನ್ನ ಕರೀಲಿಲ್ವಾ?"

"ಕರದಿದ್ರಲ್ರೀ, ಬಾಜೂ ಕುರ್ಚಿಯೊಳಗಽ ಕುಂತಿದ್ರು!"

ಸಂಜೆ ಹೊತ್ತಿಗೆ ಅರ್ಧ ಊರಿನ ಮುತ್ತಾತಂದಿರು ದೊರೆಯ ಮನೆ ಟೀ ಕುಡಿದಾಗಿತ್ತು. ಎಲ್ಲರೂ ಫ್ಲೆಕ್ಸ್ ಕೆಳಗೆ ಸೇರಿದರು. ವಿಷ ಹಾಕಿದ್ದು ಯಾರು ಎಂಬ ಮಾತು ಬಂತು. ನಮ್ಮವರಲ್ಲ, ನಮ್ಮವರಲ್ಲ ಎಂದು ಎಲ್ಲರೂ ತಲೆಯಾಡಿಸಿದರು.

ಶ್ಯಾಮಣ್ಣನ ಹೆಂಡತಿ ಭಾಗ್ಯಮ್ಮ ಚನಬಸಪ್ಪನ ಕಡೆ ತಿರುಗಿದಳು. "ಬಿಸ್ಕತ್ತಿನ ಬಣ್ಣ, ಬಾಯಲ್ಲಿ ಬಂದ ನೊರೆ, ಎಲ್ಲಾ ಬರ್ದಿದ್ದೀರಲ್ಲ, ನಿಮಗೆಂಗೆ ಗೊತ್ತು? ನಿಮ್ಮ ಮುತ್ತಾತನೇ ಆಕಿರೋದು!"

"ನಮ್ಮ ಮುತ್ತಜ್ಜ ಕೊಪ್ಪಳ ಬಿಟ್ಟು ಹೊರಗಽ ಬಂದಿಲ್ಲರೀ ಅಕ್ಕಾರ!"

"ಕೊಲೆ ಮಾಡೋಕೆ ಓಗೋನು ಊರಿಗೆಲ್ಲ ಏಳಿ ಓಗ್ತಾನಾ?"

ಜನ ಹೌದು ಹೌದು ಎಂದಿತು. ಶ್ಯಾಮಣ್ಣ ನಿಟ್ಟುಸಿರುಬಿಟ್ಟ. "ಸೇಡು ಗೀಡು ಬೇಡ ಬಿಡಿ. ಆದ್ರೆ ಕೊಂದೋರ ವಂಶನ ನಮ್ಮನೇಲಿ ಇಟ್ಕೊಳಕ್ಕಾಗಲ್ಲ. ಈಗ್ಲೇ ಖಾಲಿ ಮಾಡಿ."

ಟ್ರಂಕು, ಸ್ಟವ್ ಬೀದಿಗೆ ಬಂದವು. ಅಷ್ಟರಲ್ಲಿ ಶಿವಗಂಗಾಳ ಫೋನು. ಸದ್ಯ, ನನ್ನವಳಾದರೂ ಇದ್ದಾಳಲ್ಲ ಎಂದು ಚನಬಸಪ್ಪ ಫೋನನ್ನು ಕಿವಿಗೊತ್ತಿಕೊಂಡ.

"ಅಲ್ರೀ, ನಲ್ಲಿ ನೀರು ಎಷ್ಟೊತ್ತಿಗಿ ಬರತೈತಿ ಅಂತ ಕೇಳಾಕ ಈಗ ಓನರ್ ಅಕ್ಕಾರಿಗೆ ಫೋನ್ ಹಚ್ಚಿದ್ದೆ," ಎಂದಳು. "ಖೂನಿ ಮಾಡಿದ ಮನೆತನ ಅಂತ ಮದುವಿಗೆ ಮೊದಲಽ ಯಾಕ ಹೇಳಲಿಲ್ಲ? ನಾ ಬರಂಗಿಲ್ಲ."