ದ್ವೀಪ ಹಿಡಿದ ಸೆಕ್ರೆಟರಿ

"ಈ ವಾರ ಮುಗಿಯುವುದರೊಳಗೆ ದ್ವೀಪವನ್ನು ಹಿಡಿಯದಿದ್ದರೆ ನನ್ನ ರೇಡಿಯೋವನ್ನು ಗುಜರಿಗೆ ಹಾಕುತ್ತೇನೆ" ಎಂದು ರೇಡಿಯೋ ಹವ್ಯಾಸಿಗಳ ಗುಂಪಿನಲ್ಲಿ ಬರೆದ ಸೆಕ್ರೆಟರಿ, ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು, ದಂಡಯಾತ್ರೆಗೆ ಹೊರಟ ದೊರೆಯ ಹಾಗೆ ಎದೆಯುಬ್ಬಿಸಿ ಎದ್ದು ನಿಂತ. ಎದ್ದು ನಿಂತಿದ್ದನ್ನು ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಮತ್ತೆ ಕುಳಿತುಕೊಂಡ.

ಸೆಕ್ರೆಟರಿ ಎಂದರೆ ಸರ್ಕಾರದ ಸೆಕ್ರೆಟರಿಯೇನಲ್ಲ. ತಾನಿದ್ದ ಐದು ಮಹಡಿ ಕಟ್ಟಡದ ನಿವಾಸಿಗಳ ಸಂಘಕ್ಕೆ ಸೆಕ್ರೆಟರಿ. ಅದೂ ಅವನು ಸಭೆಗೆ ಹೋಗದೆ ತಪ್ಪಿಸಿಕೊಂಡ ದಿನ, ಬಂದವರೆಲ್ಲ ಸೇರಿ ಬಾರದವನ ತಲೆಗೆ ಕಟ್ಟಿದ ಪದವಿ. ಹೊಟ್ಟೆಪಾಡಿಗೆ ಅವನು ಕಟ್ಟುಹಲ್ಲು ತಯಾರಿಸುತ್ತಿದ್ದ. ದಂತವೈದ್ಯರು ಕಳಿಸಿದ ಅಚ್ಚಿನಿಂದ ಪ್ಲಾಸ್ಟರಿನ ದವಡೆ ತೆಗೆದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಸುತ್ತಮುತ್ತ ಬರೀ ಬಾಯಿಗಳು. ಅವುಗಳಲ್ಲಿ ಒಂದಾದರೂ ಅವನ ಜೊತೆ ಮಾತಾಡಿದ್ದಿಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳದು ಸಂಜೆ ಪಾಳಿ. ಅವನು ಬೆಳಿಗ್ಗೆ ಹೊರಡುವಾಗ ಅವಳು ಮುಸುಕು ಹಾಕಿ ಮಲಗಿರುತ್ತಿದ್ದಳು, ಅವಳು ರಾತ್ರಿ ಬರುವಾಗ ಅವನು ಮಲಗಿರುತ್ತಿದ್ದ. ಗಂಡಹೆಂಡಿರು ಒಂದೇ ಸೂರಿನ ಕೆಳಗಿರುತ್ತಾರೆ ಎಂಬುದು ನಿಜವೇ. ಒಂದೇ ಹೊತ್ತಿಗೆ ಇರುತ್ತಾರೆ ಎಂದು ಯಾರೂ ಮಾತು ಕೊಟ್ಟಿಲ್ಲ. ಸಂಜೆ ಬಾಗಿಲು ತೆಗೆದರೆ ಒಳಗಿನಿಂದ ಯಾರೂ "ಬಂದ್ರಾ?" ಎನ್ನುತ್ತಿರಲಿಲ್ಲ. ಚಪ್ಪಲಿ ಬಿಡುವ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅಂಥ ಒಂದು ಸಂಜೆ ಹಳೆಯ ರೇಡಿಯೋದ ಕಿವಿ ಹಿಂಡಿದಾಗ ಶುರುವಾಗಿದ್ದು ಈ ಹುಚ್ಚು.

ಮೀಡಿಯಂ ವೇವ್ ಒಂದು ವಿಚಿತ್ರ ಪ್ರಾಣಿ. ಹಗಲೆಲ್ಲ ಊರಿನ ಸ್ಟೇಷನ್ನು ಬಿಟ್ಟು ಬೇರೇನೂ ಸಿಗದು. ಸೂರ್ಯ ಮುಳುಗುತ್ತಿದ್ದಂತೆ ದೂರದ ಅಲೆಗಳು ಆಕಾಶಕ್ಕೆ ತಾಗಿ, ಚೆಂಡು ಪುಟಿದ ಹಾಗೆ ಪುಟಿದು, ಸಮುದ್ರ ದಾಟಿ ಬಂದುಬಿಡುತ್ತವೆ. ಎಲ್ಲಿಯದೋ ಹಾಡು, ಯಾರದೋ ಸುದ್ದಿ. ಭಾಷೆ ತಿಳಿಯದಿದ್ದರೂ ಸೆಕ್ರೆಟರಿ ನಡುನಡುವೆ "ಹ್ಞೂಂ" ಎನ್ನುತ್ತಿದ್ದ. ಆ ಕಡೆಯವರಿಗೆ ಬೇಸರವಾಗಬಾರದಲ್ಲ.

ಸಾಗರದ ನಡುವಿನ ಒಂದು ಪುಟ್ಟ ದ್ವೀಪದ ಸ್ಟೇಷನ್ನು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಮುಸ್ಸಂಜೆಯ ಒಂದು ಸಣ್ಣ ಸಂದಿಯಲ್ಲಿ ಅದು ತೇಲಿ ಬರುತ್ತದೆಂದು ಗುಂಪಿನವರು ಹೇಳುತ್ತಿದ್ದರು. ಇವನಿಗೆ ಆ ಜಾಗದಲ್ಲಿ ಕೇಳುತ್ತಿದ್ದುದು ಕಡಲೆ ಹುರಿಯುವಂಥ ಚಟಪಟ ಮತ್ತು ಅದರ ಹಿಂದೆ ದುಂಬಿಯ ಗುಂಯ್. "ದ್ವೀಪದ ತಪ್ಪಲ್ಲ ಸ್ವಾಮಿ, ನಿಮ್ಮ ಕಟ್ಟಡದ ವಿದ್ಯುತ್ ಉಪಕರಣಗಳ ಗದ್ದಲ" ಎಂದು ಒಬ್ಬ ಬರೆದ. ಆಗಲೇ ಸೆಕ್ರೆಟರಿ ಗುಜರಿಯ ಶಪಥ ಮಾಡಿದ್ದು.

ದಂಡಯಾತ್ರೆ ಸ್ವಂತ ಮನೆಯಿಂದಲೇ ಆರಂಭವಾಯಿತು. ದೀಪ ಆರಿಸಿದ, ಚಾರ್ಜರುಗಳನ್ನು ಕಿತ್ತ, ಕೊನೆಗೆ ಫ್ರಿಜ್ಜಿನ ಸ್ವಿಚ್ಚಿಗೂ ಕೈಹಾಕಿದ. ಚಟಪಟ ಒಂದಿಷ್ಟು ತಗ್ಗಿತು. ಆ ಸಂತೋಷದಲ್ಲಿ ಫ್ರಿಜ್ಜನ್ನು ಮತ್ತೆ ಹಾಕುವುದನ್ನು ಮರೆತ. ಬೆಳಿಗ್ಗೆ ಹೊರಡುವಾಗ ಮುಸುಕಿನೊಳಗಿನಿಂದ ದನಿ ಬಂತು.

"ಹಾಲು ಒಡೆದಿದೆ."

"ಗೊತ್ತಾಯ್ತು."

"ಫ್ರಿಜ್ ಯಾಕೆ ಆಫ್ ಆಗಿತ್ತು?"

"ಅದು ಚಟಪಟ ಅಂತಿತ್ತು."

"ನಾನೂ ಅಂತೀನಿ. ನನ್ನ ಸ್ವಿಚ್ ಎಲ್ಲಿದೆ ಅಂತ ಹುಡುಕ್ತಿದೀರಾ?"

ಆ ವಾರ ಅವರಿಬ್ಬರ ನಡುವೆ ನಡೆದ ಅತಿ ದೀರ್ಘ ಸಂಭಾಷಣೆ ಅದು. ಅದನ್ನು ನೆನೆಯುತ್ತಲೇ ಅವನು ದಿನವಿಡೀ ಯಾರದೋ ದವಡೆಗೆ ಹಲ್ಲು ಕೂರಿಸಿದ.

ಸಂಜೆ ಕೈಯಲ್ಲಿ ಪುಟ್ಟ ರೇಡಿಯೋ ಹಿಡಿದು ಮನೆಮನೆಯ ಬಾಗಿಲಿಗೆ ಕಿವಿಗೊಡುತ್ತ ಹೊರಟ. ಗುಂಯ್‌ಗುಟ್ಟುವ ದುಂಬಿ ನಾಲ್ಕನೇ ಮಹಡಿಯಲ್ಲಿ ಸಿಕ್ಕಿತು. ಅಲ್ಲಿ ನಿವೃತ್ತ ಬಸ್ ಡ್ರೈವರು ಒಬ್ಬರೇ ಇದ್ದರು. ಒಬ್ಬರೇ ಎಂದರೆ, ಒಂದು ಗಾಜಿನ ತೊಟ್ಟಿ ತುಂಬ ಮೀನುಗಳ ಜೊತೆ. ತೊಟ್ಟಿಗೆ ಗಾಳಿ ಊದುವ ಪಂಪೇ ಅಪರಾಧಿ.

"ದಿನಾ ಸಂಜೆ ಸ್ವಲ್ಪ ಹೊತ್ತು ಇದನ್ನ ನಿಲ್ಲಿಸೋಕಾಗುತ್ತಾ?" ಸೆಕ್ರೆಟರಿ ವಿನಯದಿಂದ ಕೇಳಿದ.

ಡ್ರೈವರು ಅವನನ್ನೂ ಮೀನುಗಳನ್ನೂ ಸರದಿಯಂತೆ ನೋಡಿದರು. "ಸೆಕ್ರೆಟರಿಗಳೇ, ಮೀನು ಉಸಿರಾಡೋದೂ ಸಂಘದ ನಿಯಮಕ್ಕೆ ವಿರುದ್ಧವಾ?"

ಚಟಪಟದ ಮೂಲ ಅವನಿದ್ದ ಐದನೇ ಮಹಡಿಯಲ್ಲೇ, ಎದುರು ಮನೆಯ ದರ್ಜಿ ಅಕ್ಕನ ಮೋಟಾರು ಹೊಲಿಗೆ ಯಂತ್ರ. ಆಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಹವಾಲು ಕೇಳಿಸಿಕೊಂಡರು.

"ನಾನು ಹೊಲಿಯೋದು ನಿಲ್ಲಿಸಿದ್ರೆ ನಿಮ್ಮ ರೇಡಿಯೋ ಹಾಡುತ್ತಾ?"

"ಹಾಡಲ್ಲ. ಹವಾಮಾನ ಹೇಳುತ್ತೆ. ದೋಣಿಯವರಿಗೆ."

"ನಿಮ್ಮ ಹತ್ರ ದೋಣಿ ಇದೆಯಾ?"

"ಇಲ್ಲ."

ಆಕೆ ಗುಂಡುಸೂಜಿ ತೆಗೆದು ಅವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದರು. ಆಮೇಲೆ ಮೆತ್ತಗೆ, "ಊಟ ಆಯ್ತಾ ನಿಮ್ಮದು?" ಎಂದರು. ಆ ಕನಿಕರವನ್ನು ತಾಳಲಾರದೆ ಸೆಕ್ರೆಟರಿ ಅಲ್ಲಿಂದ ಕಾಲ್ತೆಗೆದ.

ಸಾಮೋಪಾಯ ಸೋತ ಮೇಲೆ ಅಧಿಕಾರ ಚಲಾಯಿಸದೆ ವಿಧಿಯಿರಲಿಲ್ಲ. ಇಡೀ ಕಟ್ಟಡದ ಮೇನ್ ಸ್ವಿಚ್ಚಿನ ಕೋಣೆಯ ಕೀಲಿ ಅವನ ಬಳಿಯೇ ಇತ್ತಲ್ಲ. ತನ್ನ ಗುಂಡು ಅಕ್ಷರದಲ್ಲಿ ಒಂದು ನೋಟಿಸು ಬರೆದ: ನಾಳೆ ಮುಸ್ಸಂಜೆ ಮೇನ್ ಸ್ವಿಚ್ ತಪಾಸಣೆ; ಸ್ವಲ್ಪ ಹೊತ್ತು ವಿದ್ಯುತ್ ಇರುವುದಿಲ್ಲ; ಆ ವೇಳೆ ಯಾರೂ ಲಿಫ್ಟ್ ಹತ್ತಬಾರದು. ಎಲ್ಲರ ಕಣ್ಣಿಗೆ ಬೀಳಲೆಂದು ಅದನ್ನು ನಾಲ್ಕು ಮೂಲೆಗೂ ಅಂಟು ಬಳಿದು, ಒಂಚೂರೂ ಸುಕ್ಕಾಗದಂತೆ ಲಿಫ್ಟಿನ ಒಳಗೋಡೆಗೆ ಅಂಟಿಸಿದ. ಲಿಫ್ಟ್ ಹತ್ತಬಾರದು ಎಂಬುದನ್ನು ಓದಲು ಲಿಫ್ಟ್ ಹತ್ತಲೇಬೇಕು ಎಂಬ ಸೂಕ್ಷ್ಮ ಅವನಿಗೆ ಹೊಳೆಯಲೇ ಇಲ್ಲ.

ಮರುದಿನ ಆಕಾಶ ಶುಭ್ರವಾಗಿತ್ತು. ಸೂರ್ಯ ಅವಸರದಲ್ಲಿದ್ದಂತೆ ಕಂಡ. ನೋಟಿಸಿನ ವೇಳೆಗೆ ಕಾಯುತ್ತಾ ಕೂತರೆ ದ್ವೀಪ ಬಂದು ಹೊರಟುಹೋದೀತೆಂದು ಸೆಕ್ರೆಟರಿ ಒಂದಿಷ್ಟು ಮುಂಚೆಯೇ ಕೆಳಗಿಳಿದ. ರೇಡಿಯೋ ಹೆಗಲ ಚೀಲದಲ್ಲಿತ್ತು. ಮೊಬೈಲು ಗದ್ದಲ ಮಾಡುತ್ತದೆಂದು ಅದರ ಉಸಿರನ್ನೂ ನಿಲ್ಲಿಸಿಯಾಗಿತ್ತು. ಎರಡೂ ಕೈಯಿಂದ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದ. ಕಟ್ಟಡ ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾಯಿತು. ಒಂದು ಕ್ಷಣವೂ ವ್ಯರ್ಥವಾಗಬಾರದೆಂದು ಅಲ್ಲೇ ಹೆಡ್‌ಫೋನನ್ನು ಕಿವಿಗೇರಿಸಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ತಾರಸಿ ಸೇರಿದ. ಅಲ್ಲಿ ಲಿಫ್ಟ್ ಯಂತ್ರದ ಕೋಣೆಯ ಪಕ್ಕ, ಅದರ ಗಾಳಿಕಿಂಡಿಗೆ ಬೆನ್ನು ಕೊಟ್ಟು ಕುಳಿತು, ಮೊದಲೇ ಕಟ್ಟಿಟ್ಟಿದ್ದ ಉದ್ದನೆಯ ತಂತಿಯನ್ನು ರೇಡಿಯೋಗೆ ಸಿಕ್ಕಿಸಿದ.

ಎಂಥ ನಿಶ್ಶಬ್ದ! ಚಟಪಟವಿಲ್ಲ, ದುಂಬಿಯಿಲ್ಲ. ಕಡಲ ಮೊರೆತದಂಥ ಒಂದು ತೆಳು ಸುಯ್ಲು ಮಾತ್ರ. ಅದರೊಳಗಿನಿಂದ ಮೆಲ್ಲಗೆ, ತೊಳೆದಿಟ್ಟ ಹಾಗೆ, ಒಬ್ಬ ಗಂಡಸಿನ ದನಿ ಎದ್ದು ಬಂತು. ದ್ವೀಪದ ಹೆಸರು ಹೇಳಿತು. ನಕ್ಷೆಯಲ್ಲಿ ಬೆರಳಿಟ್ಟು ಕಲಿತಿದ್ದ ಬಂದರುಗಳ ಹೆಸರುಗಳನ್ನು ಒಂದೊಂದಾಗಿ ಓದತೊಡಗಿತು. ನಡುವೆ ಕಾಗದ ಮಗುಚಿದ ಸದ್ದು. ಒಮ್ಮೆ ಆ ಮನುಷ್ಯ ಗಂಟಲು ಸರಿಮಾಡಿಕೊಂಡ. ಎಲ್ಲೋ ಒಂದು ಕೋಣೆಯಲ್ಲಿ ಅವನೂ ಒಬ್ಬನೇ ಕೂತು, ಕಾಣದ ದೋಣಿಗಳಿಗೆ ಅಲೆಯ ಎತ್ತರ ಹೇಳುತ್ತಿದ್ದ. ಸೆಕ್ರೆಟರಿಯ ಕಣ್ಣು ತುಂಬಿ ಬಂತು. "ಹ್ಞೂಂ" ಎಂದ. "ಹೇಳಿ, ಕೇಳ್ತಿದೀನಿ."

ಅಷ್ಟರಲ್ಲಿ ಹವಾಮಾನದ ಹಿಂದೆ ಇನ್ನೇನೋ ಸೇರಿಕೊಂಡಿತು. ಮೊದಲು ಧಡ್ ಧಡ್ ಎಂಬ ತಾಳ. ಆ ನಾಡಿನ ಡೋಲಿರಬೇಕು. ಆಮೇಲೆ ಬಾವಿಯೊಳಗಿನಿಂದ ಬಂದಂತೆ ಮೊಳಗುವ ಹೆಣ್ಣಿನ ದನಿ, ಜೊತೆಗೆ ಇನ್ನೊಂದು ಹೆಣ್ಣು, ನಡುವೆ ಒಬ್ಬ ಮುದುಕನ ಗದರಿಕೆ. ಒಂದೇ ತರಂಗದಲ್ಲಿ ಎರಡು ಸ್ಟೇಷನ್ನು! ಇಂಥ ಭಾಗ್ಯ ಗುಂಪಿನಲ್ಲಿ ಯಾರಿಗೂ ಬಂದಿರಲಿಲ್ಲ. ನಾಟಕ ಇರಬೇಕು ಎಂದು ತೀರ್ಮಾನಿಸಿದ. ಕಥೆಯೂ ಊಹೆಗೆ ಸಿಕ್ಕಿತು: ದೋಣಿ ಮುಳುಗುತ್ತಿದೆ, ಹೆಂಗಸು ದಡದಲ್ಲಿರುವ ಗಂಡನನ್ನು ಕೂಗುತ್ತಿದ್ದಾಳೆ, ಆ ಮೂರ್ಖನಿಗೆ ಕೇಳಿಸುತ್ತಿಲ್ಲ. ಎಂಥ ನಟಿ, ಕೋಪವನ್ನು ಎಷ್ಟು ಸಹಜವಾಗಿ ತಂದಿದ್ದಾಳೆ! ಯಾವ ದೇಶವಾದರೇನು, ಹೆಂಡತಿಯ ದನಿ ಹೆಂಡತಿಯದೇ ಎಂದುಕೊಂಡ. ಆಸ್ಪತ್ರೆಯಲ್ಲಿರುವ ತನ್ನವಳ ನೆನಪಾಗಿ ಎದೆ ಸಣ್ಣಗೆ ನೊಂದಿತು.

ಹೆಂಗಸು ಪದೇ ಪದೇ "ರೀ... ರೀ..." ಎನ್ನುತ್ತಿದ್ದಳು. ಆ ದೂರದ ಭಾಷೆಯಲ್ಲೂ ಗಂಡನಿಗೆ "ರೀ" ಎನ್ನುತ್ತಾರಲ್ಲ ಎಂದು ಸೋಜಿಗವಾಯಿತು. ಭಾಷಾಶಾಸ್ತ್ರಜ್ಞರಿಗೆ ತಿಳಿಸಬೇಕಾದ ವಿಷಯ. ಅಷ್ಟರಲ್ಲಿ ಆಕೆ ಇನ್ನೂ ಸ್ಪಷ್ಟವಾಗಿ, "ಮೇಲೇ ಇದ್ದಾರೆ ಅವರು, ನಂಗೊತ್ತು. ಕಿವಿಗೆ ಅದನ್ನ ಸಿಕ್ಕಿಸ್ಕೊಂಡು ಕೂತಿರ್ತಾರೆ" ಎಂದಳು.

ಸೆಕ್ರೆಟರಿ ಹೆಡ್‌ಫೋನನ್ನು ಮೆಲ್ಲಗೆ ಕಳಚಿದ. ಬೆನ್ನ ಹಿಂದಿನ ಗಾಳಿಕಿಂಡಿಯಿಂದ ನಾಟಕದ ದನಿ ದುಪ್ಪಟ್ಟಾಗಿ ಬಂತು.

ಅವನು ಮೆಟ್ಟಿಲಿಳಿದ ಪರಿಯನ್ನು ವರ್ಣಿಸುವುದು ಬೇಡ. ಸ್ವಿಚ್ಚು ಮೇಲೇರಿತು, ಲಿಫ್ಟು ಅಲುಗಾಡಿ, ನಾಲ್ಕನೆಯದರಲ್ಲಿ ನಿಲ್ಲದೆ ಐದನೇ ಮಹಡಿ ಮುಟ್ಟಿತು, ಬಾಗಿಲು ತೆರೆಯಿತು. ಅಷ್ಟರೊಳಗೆ ಮತ್ತೆ ಐದು ಮಹಡಿ ಹತ್ತಿ ಬಂದಿದ್ದ ಅವನಿಗೆ ಕ್ಷಮೆ ಕೇಳಲೂ ಉಸಿರಿರಲಿಲ್ಲ. ಒಳಗೆ ಡ್ರೈವರು, ಕೈಯಲ್ಲಿ ಹೊಸ ಬ್ಯಾಟರಿ ಪಂಪು. ನೋಟಿಸು ಓದಿ ಮೀನುಗಳಿಗಾಗಿ ಓಡಿಹೋಗಿ ತಂದಿದ್ದರು. ಪಕ್ಕದಲ್ಲಿ ದರ್ಜಿ ಅಕ್ಕ, ತೋಳಿನಲ್ಲಿ ಗುಂಡಿ ದಾರಗಳ ಚೀಲ. ನಡುವೆ ಅವನ ಹೆಂಡತಿ, ಈ ಹೊತ್ತಿಗೆ ಆಸ್ಪತ್ರೆಯಲ್ಲಿರಬೇಕಾದವಳು. ಬೈಗುಳಕ್ಕೆ ತಲೆ ಬಾಗಿಸಿ ನಿಂತ. ಆದರೆ ಮೂವರೂ ಯಾವುದೋ ಮಾತಿಗೆ ನಗುತ್ತಿದ್ದರು. ಕೂಗಿ ಕೂಗಿ ಸಾಕಾದ ಮೇಲೆ ಲಿಫ್ಟಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಾತಿಗೆ ಶುರುಮಾಡಿದ್ದರಂತೆ.

"ನಿಮ್ಮ ನೋಟಿಸು ಮೊಬೈಲ್ ಬೆಳಕಲ್ಲಿ ಓದಿದ್ವಿ" ಎಂದಳು ಹೆಂಡತಿ. "ಅಕ್ಷರ ಚೆನ್ನಾಗಿದೆ."

ಅಷ್ಟೇ. ದರ್ಜಿ ಅಕ್ಕ ಟೀಗೆ ಕರೆದರು. ಮೂವರೂ ಎದುರು ಮನೆಗೆ ಹೋದರು, ಬಾಗಿಲು ಮುಚ್ಚಿಕೊಂಡಿತು. ಅದನ್ನು ಮುಚ್ಚುವ ಮುನ್ನ ಡ್ರೈವರು ಅವನ ಭುಜ ತಟ್ಟಿ, "ಸೋಮವಾರದಿಂದ ಬೆಳಗಿನ ಪಾಳಿಯಂತಲ್ಲ ನಿಮ್ಮ ಮನೆಯವರಿಗೆ. ಅದನ್ನ ಹೇಳೋಕೇ ಅಂತ ಇವತ್ತು ರಜೆ ಹಾಕಿ ಬೇಗ ಬಂದ್ರಂತೆ. ಒಳ್ಳೇದಾಯ್ತು ಬಿಡಿ" ಎಂದರು.

"ಹೌದಂತೆ" ಎಂದ ಸೆಕ್ರೆಟರಿ.

ಮನೆಗೆ ಬಂದು ಗುಂಪಿನಲ್ಲಿ ಬರೆದ: ದ್ವೀಪ ಹಿಡಿದೆ. ಯಾರೋ ಹೆಬ್ಬೆರಳು ಎತ್ತಿದರು. ಇನ್ನೊಬ್ಬರೂ ಎತ್ತಿದರು. ಮೂರನೆಯವರು ಬರಲಿಲ್ಲ.

ಸೋಮವಾರ, ಇನ್ನು ಹೆಂಡತಿ ಸಂಜೆ ಮನೆಯಲ್ಲಿರುತ್ತಾಳೆಂದು ಅವನು ಕೆಲಸದಿಂದ ದಾಪುಗಾಲು ಹಾಕಿ ಬಂದ. ಮನೆ ಖಾಲಿಯಾಗಿತ್ತು. ಎದುರು ಮನೆಯಿಂದ ನಗು ಕೇಳುತ್ತಿತ್ತು. ಲಿಫ್ಟಿನ ಗೆಳೆತನ ಟೀ ಲೋಟಗಳ ಸುತ್ತ ಮುಂದುವರಿದಿತ್ತು. ಮಾರನೆಯ ದಿನವೂ ಹಾಗೇ. ಅವಳೇನೂ ಮುನಿದಿರಲಿಲ್ಲ, ಊಟದ ಹೊತ್ತಿಗೆ ಬರುತ್ತಿದ್ದಳು, ಬಡಿಸುತ್ತಿದ್ದಳು. ಮಾತು ಮಾತ್ರ ಅಲ್ಲೇ ಖರ್ಚಾಗಿ ಮುಗಿದಿರುತ್ತಿತ್ತು. ಅವನು ರೇಡಿಯೋ ಹಾಕಿದ. ಯಾವುದೋ ದೇಶದವನು ಏನೋ ಹೇಳಿದ. "ಹ್ಞೂಂ" ಎನ್ನಲು ಮನಸ್ಸು ಬರಲಿಲ್ಲ.

ಮೂರನೆಯ ಸಂಜೆ ತಲೆ ಬಾಚಿಕೊಂಡು, ಅಂಗಿ ಬದಲಿಸಿ, ಎದುರು ಮನೆಯ ಬಾಗಿಲು ತಟ್ಟಿದ.

ದರ್ಜಿ ಅಕ್ಕ ಬಾಗಿಲು ತೆರೆದರು. "ಏನು, ಕರೆಂಟ್ ತೆಗೀಬೇಕಿತ್ತಾ?"

"ಇಲ್ಲ. ಒಳಗೆ ಬರಬಹುದಾ ಅಂತ."

ಒಂದು ಸ್ಟೂಲು ಕೊಟ್ಟರು. ಹೆಂಡತಿ ಏನನ್ನೋ ಹೇಳುತ್ತಿದ್ದವಳು ಅವನನ್ನು ನೋಡಿ ಅರೆಕ್ಷಣ ತಡೆದು ಮುಂದುವರಿಸಿದಳು. ವಾರ್ಡಿನ ಯಾರೋ ಅಜ್ಜಿಯ ಕಥೆ. ಆಕೆ ಇಂಜೆಕ್ಷನ್ನಿಗೆ ಹೆದರಿ ಪಕ್ಕದ ಹಾಸಿಗೆಯವಳ ಹೆಸರನ್ನೇ ತನ್ನದೆಂದು ಹೇಳಿಕೊಂಡಿದ್ದಳೋ ಏನೋ. ಉಳಿದವರಿಬ್ಬರೂ ಬಿದ್ದು ಬಿದ್ದು ನಕ್ಕರು. ಅವನಿಗೆ ತಲೆಬುಡ ತಿಳಿಯಲಿಲ್ಲ. ನಗುವಿನ ಹೊತ್ತಿಗೆ ನಗಲು ನೋಡಿದ, ತಡವಾಯಿತು.

"ಯಾವ ಅಜ್ಜಿ?" ಎಂದು ಕೇಳಿದ.

"ಓ, ನೀವು ಅವತ್ತು ಲಿಫ್ಟಲ್ಲಿ ಇರಲಿಲ್ಲ" ಎಂದರು ಡ್ರೈವರು. ಟೀ ಲೋಟ ಕೆಳಗಿಟ್ಟು, ದಾರಿ ಕೇಳಿದ ಪ್ರಯಾಣಿಕನಿಗೆ ಹೇಳುವಷ್ಟು ತಾಳ್ಮೆಯಿಂದ ಅವನ ಕಡೆ ತಿರುಗಿದರು. "ಮೊದಲಿಂದ ಹೇಳ್ತೀನಿ ಕೇಳಿ." ಅವನ ಹೆಂಡತಿಯ ಕಡೆ ಕೈ ತೋರಿಸಿದರು. "ಇವರು ಆಸ್ಪತ್ರೇಲಿ ನರ್ಸು."

ಸೆಕ್ರೆಟರಿ ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, "ಹೌದಾ" ಎಂದ.