ತನಗೆ ತಾನೇ ಸಮನ್ಸ್ ಜಾರಿ ಮಾಡಲಾರದ ಅಮೀನನ ಬಿನ್ನಹ

ರಿವೇರಾ, 16 ಆಗಸ್ಟ್ 1988

ಇಂದ:
ಇರಿನೆಯೊ ಬೆಟಾಂಕುರ್,
ಕೋರ್ಟ್ ಅಮೀನ ಹಾಗೂ ಪ್ರತಿವಾದಿ, ರಿವೇರಾ, ಉರುಗ್ವೆ.

ಗೆ:
ಮಾನ್ಯ ನ್ಯಾಯಾಧೀಶರು, ರಿವೇರಾ.

ವಿಷಯ: ಅರ್ಜಿದಾರನು ಅರ್ಜಿದಾರನಿಗೇ ಸಮನ್ಸ್ ಜಾರಿ ಮಾಡಲಾಗದ ಬಗ್ಗೆ.

ಉಲ್ಲೇಖ: 1) ಬ್ರೆಜಿಲ್ ಕಡೆಯ ನ್ಯಾಯಾಲಯದಿಂದ ಬಂದ ವಿಚ್ಛೇದನ ದಾವೆಯ ಸಮನ್ಸ್.
2) ನಿನ್ನೆ ಸಂಜೆ ಚೌಕದ ಬೆಂಚಿನ ಮೇಲೆ ನಡೆದ ಮಾತುಕತೆ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರಿಕೆ ಏನೆಂದರೆ:

1. ಅರ್ಜಿದಾರನ ಹೆಂಡತಿ ಶ್ರೀಮತಿ ಜೆನೈಡಿ ಹದಿನೈದು ತಿಂಗಳ ಹಿಂದೆ ತವರಿಗೆ ಹೋದರು. ತವರು ಬೀದಿಯ ಆಚೆ ಬದಿಗಿದೆ. ಬೀದಿಯ ನಡುವೆ ಗಡಿ ಇರುವ ಕಾರಣ ಅದು ಬ್ರೆಜಿಲ್. ತಪ್ಪು ಅರ್ಜಿದಾರನದೇ. ಇಪ್ಪತ್ತೆರಡು ವರ್ಷ ಸಮನ್ಸ್ ಹಂಚಿ ಮನುಷ್ಯರ ಮಾತು ಮರೆತಿದ್ದ ಆತ, "ಬೀನ್ಸ್ ಸೀದಿರುವ ಬಗ್ಗೆ ಏಳು ದಿನಗಳೊಳಗೆ ವಿವರಣೆ ನೀಡತಕ್ಕದ್ದು" ಎಂದು ಅಡುಗೆಮನೆ ಗೋಡೆಗೆ ನೋಟಿಸ್ ಅಂಟಿಸಿದ್ದನು.

"ಏನ್ರೀ ಅಮೀನ್ರೇ, ಹೆಂಡ್ತಿ ಹತ್ರ ಮಾತಾಡೋಕೂ ಮೊಹರು ಬೇಕಾ? ಹಂಗಾದ್ರೆ ಕೋರ್ಟಲ್ಲೇ ಮಾತಾಡೋಣ ಬಿಡಿ!" ಎಂದವರೇ ಹೊರಟರು.

2. ಅವರು ಅಲ್ಲಿ ಹೂಡಿದ ವಿಚ್ಛೇದನ ದಾವೆಯ ಸಮನ್ಸ್ ಬೀದಿ ದಾಟಲು ಬ್ರೆಸಿಲಿಯಾಕ್ಕೆ ಹೋಗಿ, ಮೊಂಟೆವಿಡಿಯೊಕ್ಕೆ ಬಂದು, ಭಾಷಾಂತರಗೊಂಡು, ಹನ್ನೊಂದು ಮೊಹರು ಹೊತ್ತು, ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ಕಳೆದ ತಿಂಗಳು ಇಲ್ಲಿಗೆ ತಲುಪಿತು.

3. ಇಲ್ಲಿರುವ ಅಮೀನ ಒಬ್ಬನೇ ಆದ್ದರಿಂದ, ಅರ್ಜಿದಾರನೇ ತನ್ನ ಮನೆ ಬಾಗಿಲು ತಟ್ಟಿದನು. ಯಾರೂ ತೆರೆಯಲಿಲ್ಲ. ಮನೆಯ ಏಕೈಕ ನಿವಾಸಿ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದುದೇ ಕಾರಣ. "ಪ್ರತಿವಾದಿ ಸಿಗಲಿಲ್ಲ" ಎಂದು ಷರಾ ಬರೆದನು. ಹೀಗೆ ಮೂರು ಸಲ.

4. ಕಾಗದ ದೇಶ ಸುತ್ತುತ್ತಿದ್ದ ಕಾಲದಲ್ಲಿ ವಾದಿ, ಪ್ರತಿವಾದಿ ಇಬ್ಬರೂ ದಿನಾ ಸಂಜೆ ಚೌಕದಲ್ಲಿ ಒಂದೇ ಸೋರೆಬುರುಡೆಯಿಂದ ಮಾಟೆ ಎಲೆಯ ಕಷಾಯ ಕುಡಿಯತೊಡಗಿದ್ದರು. ಬುರುಡೆ ವಾಪಸ್ ಕೊಡುವಾಗ ಧನ್ಯವಾದ ಹೇಳಿದರೆ "ಸಾಕು, ಇನ್ನು ಬೇಡ" ಎಂದರ್ಥವೆಂಬುದು ತಮಗೆ ತಿಳಿದೇ ಇದೆ. ಶ್ರೀಮತಿ ಜೆನೈಡಿ ಇದುವರೆಗೆ ಒಮ್ಮೆಯೂ ಅದನ್ನು ಹೇಳಿಲ್ಲ. ಬಿಸಿನೀರು ಮುಗಿದ ಮೇಲೆ ಸುಮ್ಮನೆ ಎದ್ದು ಹೋಗುತ್ತಾರೆ.

5. ನಿನ್ನೆ ಅವರೇ ಕೇಳಿದರು:

"ನಾನು ಹಾಕಿದ ಕಾಗದ ಬಂತೇನ್ರೀ?"

"ಯಾವ ಕಾಗದ?" ಎಂದನು ಅರ್ಜಿದಾರ. ಕಾಗದ ಅವನ ಕೋಟಿನ ಜೇಬಿನಲ್ಲೇ ಇತ್ತು.

"ಮೊದಮೊದ್ಲು ಎಷ್ಟು ನಿಧಾನಪ್ಪಾ ಅಂತ ಸಿಟ್ಟು ಬರ್ತಿತ್ತು. ಈಗ..."

"ಈಗ?"

"ನೀರು ಆರೋಗ್ತಿದೆ, ಹಾಕ್ರೀ."

ಅರ್ಜಿದಾರನು ನೀರು ಹಾಕಿದನು.

6. ನಾಲ್ಕನೆಯ ಸಲ ಸಮನ್ಸನ್ನು ಬಾಗಿಲಿಗೆ ಅಂಟಿಸತಕ್ಕದ್ದು. ಅಂಟಿಸಿದರೆ ದಾವೆ ಮುಂದುವರಿಯುತ್ತದೆ, ಹೆಂಡತಿ ಕಾಯಂ ಆಗಿ ಬ್ರೆಜಿಲ್ ಪಾಲಾಗುತ್ತಾರೆ. ಅರ್ಜಿದಾರನಿಗೆ ಅವರು ಬೇಕು. ಇದನ್ನು ಅವರಿಗೆ ಹೇಳದೆ ತಮಗೆ ಬರೆಯುತ್ತಿರುವುದೇ ಅವನ ದಡ್ಡತನಕ್ಕೆ ದಾಖಲೆ.

ಆದ್ದರಿಂದ ಸಮನ್ಸನ್ನು ಬಂದ ದಾರಿಯಲ್ಲೇ, ಯಾವ ಅವಸರವೂ ಇಲ್ಲದೆ, ಈ ಷರಾದೊಂದಿಗೆ ಹಿಂದಿರುಗಿಸಬೇಕೆಂದು ಕೋರಿದೆ: "ಪ್ರತಿವಾದಿ ವಿಳಾಸದಲ್ಲಿ ಸಿಗುವುದಿಲ್ಲ. ಸಂಜೆ ಆರರ ನಂತರ ವಾದಿಯ ಪಕ್ಕದಲ್ಲಿ ಸಿಗುತ್ತಾನೆ." ಹಾಗೂ ಇಂದು ಒಂದು ಗಂಟೆ ಮುಂಚಿತವಾಗಿ ಮನೆಗೆ ಹೋಗಲು ಅನುಮತಿ ಬೇಕು, ಗೋಡೆಯ ನೋಟಿಸ್ ಇನ್ನೂ ಅಲ್ಲೇ ಇದೆ, ಕೆರೆದು ತೆಗೆಯಬೇಕಿದೆ.

ಕೊನೆಗೆ "ಧನ್ಯವಾದಗಳೊಂದಿಗೆ" ಎಂದು ಬರೆಯಲು ಕೈ ಬಾರದ್ದಕ್ಕೆ ಕ್ಷಮೆ ಇರಲಿ.

ತಮ್ಮ ವಿಶ್ವಾಸಿ,
ಇರಿನೆಯೊ ಬೆಟಾಂಕುರ್

ಅಡಕ: ಸಮನ್ಸ್ ಒಂದು (ಮಾಟೆ ಚೆಲ್ಲಿದ ಕಲೆಯೊಂದಿಗೆ), ಸುಳ್ಳು ಷರಾ ಮೂರು.

ಪ್ರತಿ: ಶ್ರೀಮತಿ ಜೆನೈಡಿಯವರಿಗೆ ಕಳುಹಿಸುವುದು ಬೇಡ. ಅವಳಿಗೆ ನಾನೇ ಬಾಯಿಬಿಟ್ಟು ಹೇಳುತ್ತೇನೆ.